ಮನೆ ಒಂದು ರಾಜ್ಯದಲ್ಲಿ, ತೆರಿಗೆ ಇನ್ನೊಂದು ರಾಜ್ಯಕ್ಕೆ

ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬ ಬರುವ ದಿನಗಳ ಆಸುಪಾಸಿನಲ್ಲೇ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇನ್ನೊಂದು ದಿನವೂ ಎದುರಾಗುತ್ತದೆ. ಏಪ್ರಿಲ್ 15 ಅಲ್ಲಿ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವ ಗಡುವು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಕಥೋಲಿಕ ಮನೆಗಳ ಮಗನೋ ಮಗಳೋ ಆ ದೇಶದಲ್ಲಿ ದುಡಿಯುತ್ತಿರುವುದರಿಂದ ಅಲ್ಲಿಯ ತೆರಿಗೆಯ ಮಾತು ಇಲ್ಲಿಯ ಮನೆಗಳಲ್ಲೂ ಕೇಳಿಬರುವುದುಂಟು. ಇತ್ತೀಚಿನ ವರ್ಷಗಳಲ್ಲಿ ಈ ಮಾತಿಗೆ ಹೊಸದೊಂದು ಗೊಂದಲ ಸೇರಿಕೊಂಡಿದೆ. ವಾಸ ಒಂದು ರಾಜ್ಯದಲ್ಲಿ, ಸಂಬಳ ಕೊಡುವ ಕಂಪೆನಿ ಇನ್ನೊಂದು ರಾಜ್ಯದಲ್ಲಿ, ಕೆಲಸವೆಲ್ಲ ಮನೆಯ ಕೋಣೆಯಲ್ಲೇ. ಹೀಗಿರುವಾಗ ಆ ಸಂಬಳದ ಮೇಲೆ ತೆರಿಗೆ ಕೇಳುವ ಹಕ್ಕು ಯಾವ ರಾಜ್ಯಕ್ಕೆ?

ಇದು ಲೆಕ್ಕಪರಿಶೋಧಕರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಒಂದು ಕುಟುಂಬ ಎಲ್ಲಿ ಮನೆ ಮಾಡಬೇಕು, ಕಾಯಿಲೆಯಾದ ತಾಯಿಯ ಬಳಿ ಎಷ್ಟು ದಿನ ಇರಬಹುದು ಎಂಬ ನಿರ್ಧಾರಗಳಿಗೂ ಅದರ ನೆರಳು ಬೀಳುತ್ತದೆ. ತೆರಿಗೆಯ ವಿಷಯದಲ್ಲಿ ಕ್ರೈಸ್ತ ಮನಸ್ಸಾಕ್ಷಿ ಹೇಗೆ ನಡೆದುಕೊಳ್ಳಬೇಕೆಂಬ ಹಳೆಯ ಪ್ರಶ್ನೆಯೂ ಇದರೊಳಗಿದೆ. ಆದ್ದರಿಂದ ಈ ವಾರ ಅದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ನಮ್ಮಲ್ಲಿಲ್ಲದ ಸಮಸ್ಯೆ

ಈ ಗೊಂದಲ ನಮಗೆ ಅಪರಿಚಿತವಾಗಿ ಕಾಣಲು ಕಾರಣವಿದೆ. ಭಾರತದಲ್ಲಿ ಕೃಷಿ ಆದಾಯವೊಂದನ್ನು ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಸಂವಿಧಾನವು ಕೇಂದ್ರ ಸರಕಾರಕ್ಕೆ ಮಾತ್ರ ನೀಡಿದೆ. ಮುಂಬಯಿಯ ಕಂಪೆನಿಗಾಗಿ ಮಂಗಳೂರಿನ ಮನೆಯಲ್ಲಿ ಕುಳಿತು ದುಡಿಯುವವರು ಸಲ್ಲಿಸಬೇಕಾದ ಆದಾಯ ತೆರಿಗೆ ರಿಟರ್ನ್ ಒಂದೇ. ಉದ್ಯೋಗದ ಮೇಲೆ ರಾಜ್ಯಗಳು ವಸೂಲು ಮಾಡುವ ವೃತ್ತಿ ತೆರಿಗೆಯೂ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಅದು ಸಂವಿಧಾನದ 276ನೆಯ ವಿಧಿಯು ಹಾಕಿದ ಮಿತಿ.

ಅಮೆರಿಕದ ವ್ಯವಸ್ಥೆ ಬೇರೆ. ಅಲ್ಲಿ ಒಕ್ಕೂಟ ಸರಕಾರದ ಆದಾಯ ತೆರಿಗೆಯ ಜೊತೆಗೆ ಹೆಚ್ಚಿನ ರಾಜ್ಯಗಳು ತಮ್ಮದೇ ಆದಾಯ ತೆರಿಗೆಯನ್ನು ವಿಧಿಸುತ್ತವೆ. ವಿಸ್ಕಾನ್ಸಿನ್ ರಾಜ್ಯ 1911ರಲ್ಲಿಯೂ ನ್ಯೂಯಾರ್ಕ್ 1919ರಲ್ಲಿಯೂ ಇಂತಹ ತೆರಿಗೆಯನ್ನು ಜಾರಿಗೆ ತಂದವು. ತಮ್ಮ ರಾಜ್ಯದೊಳಗೆ ಬಂದು ಸಂಪಾದಿಸುವ ಹೊರರಾಜ್ಯದವರಿಂದಲೂ ಆ ಸಂಪಾದನೆಯ ಮೇಲೆ ತೆರಿಗೆ ಪಡೆಯಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1920ರಲ್ಲೇ ಒಪ್ಪಿಕೊಂಡಿತು. ಇನ್ನೊಂದೆಡೆ ಟೆಕ್ಸಾಸ್, ಫ್ಲೋರಿಡಾ, ಟೆನೆಸಿ ಮುಂತಾದ ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ. ಇಷ್ಟೊಂದು ಭಿನ್ನ ನಿಯಮಗಳ ನಡುವೆ ಗಡಿ ದಾಟಿ ದುಡಿಯುವವನ ಪಾಡು ಸುಲಭವಾಗಿರಲು ಸಾಧ್ಯವಿಲ್ಲ.

ಸಾಮಾನ್ಯ ನಿಯಮವೇನು?

ಮೊದಲು ಸಾಮಾನ್ಯ ನಿಯಮವನ್ನು ತಿಳಿಯೋಣ. ವಾಸವಿರುವ ರಾಜ್ಯವು ತನ್ನ ನಿವಾಸಿಯ ಎಲ್ಲ ಆದಾಯದ ಮೇಲೂ, ಅದು ಎಲ್ಲಿ ಸಂಪಾದಿಸಿದ್ದೇ ಆಗಿರಲಿ, ತೆರಿಗೆ ವಿಧಿಸಬಹುದು. ಬೇರೆ ರಾಜ್ಯವು ಅವನು ತನ್ನ ನೆಲದಲ್ಲಿ ನಿಂತು ಮಾಡಿದ ಕೆಲಸದ ಸಂಬಳಕ್ಕೆ ಮಾತ್ರ ತೆರಿಗೆ ಕೇಳಬಹುದು. ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬೀಳದಿರಲೆಂದು, ಹೊರರಾಜ್ಯಕ್ಕೆ ಕೊಟ್ಟ ತೆರಿಗೆಯನ್ನು ವಾಸದ ರಾಜ್ಯವು ತನಗೆ ಸಲ್ಲಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಡುತ್ತದೆ. ಇದಕ್ಕೆ ಅಲ್ಲಿ ಕ್ರೆಡಿಟ್ ಎನ್ನುತ್ತಾರೆ. ಮೇರಿಲ್ಯಾಂಡ್ ರಾಜ್ಯವು ತನ್ನ ತೆರಿಗೆಯ ಒಂದು ಭಾಗಕ್ಕೆ ಇಂತಹ ವಜಾ ಕೊಡದೆ ಇದ್ದುದನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಂವಿಧಾನಬಾಹಿರವೆಂದು ತೀರ್ಪಿತ್ತಿತು.

ಕೆಲವು ನೆರೆರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡು ಈ ತೊಡಕನ್ನೇ ನಿವಾರಿಸಿಕೊಂಡಿವೆ. ನ್ಯೂಜೆರ್ಸಿಯಲ್ಲಿ ಮನೆ ಮಾಡಿ ಪೆನ್ಸಿಲ್ವೇನಿಯಾದಲ್ಲಿ ದುಡಿಯುವವರು ಆ ಸಂಬಳದ ಮೇಲೆ ರಾಜ್ಯ ಆದಾಯ ತೆರಿಗೆಯನ್ನು ನ್ಯೂಜೆರ್ಸಿಗೆ ಮಾತ್ರ ಕೊಟ್ಟರೆ ಸಾಕು. ಆದರೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಗಳ ನಡುವೆ ಇಂತಹ ಒಪ್ಪಂದವಿಲ್ಲ.

ಈ ಸಾಮಾನ್ಯ ನಿಯಮದ ಪ್ರಕಾರ ಮನೆಯಿಂದಲೇ ದುಡಿಯುವವರ ಲೆಕ್ಕ ಬಹು ಸರಳ. ಕಂಪೆನಿ ಕ್ಯಾಲಿಫೋರ್ನಿಯಾದಲ್ಲಿರಲಿ, ಇಲಿನಾಯ್ಸ್‌ನಲ್ಲಿರಲಿ, ಉದ್ಯೋಗಿ ವರ್ಷವಿಡೀ ತನ್ನ ರಾಜ್ಯದ ಮನೆಯಲ್ಲೇ ಕುಳಿತು ಕೆಲಸ ಮಾಡಿದರೆ ವಾಸದ ರಾಜ್ಯಕ್ಕೆ ಮಾತ್ರ ರಿಟರ್ನ್ ಸಲ್ಲಿಸಿದರಾಯಿತು. ಕಂಪೆನಿಯ ವಿಳಾಸವೊಂದೇ ತೆರಿಗೆಗೆ ಆಧಾರವಾಗದು. ಸಂಬಳದಲ್ಲಿ ತಪ್ಪು ರಾಜ್ಯದ ಹೆಸರಿನಲ್ಲಿ ತೆರಿಗೆ ಮುರಿದುಕೊಂಡಿದ್ದರೆ ಆ ರಾಜ್ಯಕ್ಕೆ ಅನಿವಾಸಿಯ ರಿಟರ್ನ್ ಸಲ್ಲಿಸಿ ಹಣವನ್ನು ಮರಳಿ ಪಡೆಯಬೇಕಾಗುತ್ತದೆ.

ಅನುಕೂಲವೋ ಅಗತ್ಯವೋ?

ಆದರೆ ಎಲ್ಲ ರಾಜ್ಯಗಳೂ ಈ ಸಾಮಾನ್ಯ ನಿಯಮದೊಳಗೆ ನಿಲ್ಲುವುದಿಲ್ಲ. ನ್ಯೂಯಾರ್ಕ್‌ನಲ್ಲಿ ದಶಕಗಳಿಂದ ಇನ್ನೊಂದು ನಿಯಮ ಜಾರಿಯಲ್ಲಿದೆ. ಉದ್ಯೋಗದಾತನ ಅನುಕೂಲದ ನಿಯಮವೆಂದೇ ಅದು ಪ್ರಸಿದ್ಧ. ಅದರ ತಿರುಳು ಇಷ್ಟು: ನ್ಯೂಯಾರ್ಕ್‌ನ ಕಚೇರಿಗೆ ಸೇರಿದ ಹೊರರಾಜ್ಯದ ಉದ್ಯೋಗಿ ತನ್ನ ಮನೆಯಲ್ಲಿ ಕುಳಿತು ಮಾಡಿದ ಕೆಲಸವು ಉದ್ಯೋಗದಾತನ ಅಗತ್ಯದಿಂದ ಅಲ್ಲಿ ನಡೆದದ್ದಾದರೆ ಮಾತ್ರ ಹೊರಗಿನ ಕೆಲಸ. ಉದ್ಯೋಗಿಯ ಅನುಕೂಲಕ್ಕಾಗಿ ನಡೆದದ್ದಾದರೆ ಅದು ನ್ಯೂಯಾರ್ಕ್ ಕಚೇರಿಯಲ್ಲೇ ನಡೆದ ಕೆಲಸವೆಂದು ಲೆಕ್ಕ.

ಒಂದು ಕಾಲ್ಪನಿಕ ಉದಾಹರಣೆ ಕೊಡೋಣ. ವರ್ಷಕ್ಕೆ 1,00,000 ಡಾಲರ್ ಸಂಬಳದ ಒಬ್ಬ ಉದ್ಯೋಗಿ ವರ್ಷದ 240 ಕೆಲಸದ ದಿನಗಳಲ್ಲಿ 48 ದಿನ ನ್ಯೂಯಾರ್ಕ್‌ನ ಕಚೇರಿಗೆ ಹೋಗಿ, ಉಳಿದ 192 ದಿನ ನ್ಯೂಜೆರ್ಸಿಯ ಮನೆಯಿಂದ ದುಡಿದನೆಂದು ಇಟ್ಟುಕೊಳ್ಳಿ. ಸಾಮಾನ್ಯ ನಿಯಮದಂತೆ ನ್ಯೂಯಾರ್ಕ್‌ನ ಪಾಲಿಗೆ ಬರುವುದು ಐದನೆಯ ಒಂದು ಭಾಗ, ಎಂದರೆ 20,000 ಡಾಲರ್. ಅನುಕೂಲದ ನಿಯಮದಂತೆ ಪೂರ್ತಿ 1,00,000 ಡಾಲರ್ ನ್ಯೂಯಾರ್ಕ್‌ನ ಸಂಪಾದನೆಯಾಗುತ್ತದೆ. ಮನೆಯ ಕೋಣೆಯನ್ನು ಕಂಪೆನಿಯ ನಿಜವಾದ ಕಚೇರಿಯೆಂದು ಸಾಧಿಸಿ ಇದರಿಂದ ಪಾರಾಗಲು ಅವಕಾಶವಿದೆಯಾದರೂ ಅದಕ್ಕೆ ವಿಧಿಸಿರುವ ಷರತ್ತುಗಳು ಸಾಮಾನ್ಯ ಉದ್ಯೋಗಿಯ ಕೈಗೆ ಎಟಕುವಂತಹವಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ನಿಯಮ ಮುಖ್ಯವಾಗಿ ಹಿಡಿಯುವುದು ನ್ಯೂಯಾರ್ಕ್‌ನ ಕಚೇರಿಗೆ ನಿಯುಕ್ತರಾಗಿ ಮನೆಯಿಂದ ದುಡಿಯುವವರನ್ನು. ಮೊದಲಿನಿಂದಲೂ ಹೊರರಾಜ್ಯದಲ್ಲೇ ದುಡಿಯಲು ನೇಮಕಗೊಂಡು, ನ್ಯೂಯಾರ್ಕ್‌ನಲ್ಲಿ ಕಚೇರಿಯೂ ಇಲ್ಲದೆ ಒಂದು ದಿನದ ಕೆಲಸವೂ ಇಲ್ಲದೆ ಇರುವವರ ವಿಚಾರ ಬೇರೆ. ಆದ್ದರಿಂದ ನೇಮಕಪತ್ರದಲ್ಲಿ ಕೆಲಸದ ಸ್ಥಳವೆಂದು ಏನು ಬರೆದಿದೆ ಎಂಬುದು ಅತ್ಯಂತ ಮಹತ್ವದ್ದು.

ಪೆನ್ಸಿಲ್ವೇನಿಯಾ, ಡೆಲವೇರ್, ನೆಬ್ರಾಸ್ಕ ರಾಜ್ಯಗಳಲ್ಲೂ ಇದೇ ಜಾತಿಯ ನಿಯಮಗಳು ಬೇರೆಬೇರೆ ರೂಪದಲ್ಲಿವೆ. ಕನೆಕ್ಟಿಕಟ್ ಮತ್ತು ನ್ಯೂಜೆರ್ಸಿಗಳು, ತಮ್ಮ ನಿವಾಸಿಗಳ ಮೇಲೆ ಇಂತಹ ನಿಯಮ ಹೇರುವ ರಾಜ್ಯಗಳ ನಿವಾಸಿಗಳಿಗೆ ಮಾತ್ರ ಅನ್ವಯಿಸುವಂತೆ, ಮುಯ್ಯಿಗೆ ಮುಯ್ಯಿಯಾಗಿ ತಾವೂ ನಿಯಮ ಮಾಡಿಕೊಂಡಿವೆ.

ನ್ಯಾಯಾಲಯದ ಮೆಟ್ಟಿಲು

ಈ ನಿಯಮವನ್ನು ಪ್ರಶ್ನಿಸಿದವರಿಲ್ಲವೆಂದಲ್ಲ. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ನೆಲೆಸಿದ್ದ ಥಾಮಸ್ ಹಕಬಿ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ಸಂಸ್ಥೆಯೊಂದಕ್ಕಾಗಿ ದುಡಿಯುತ್ತಿದ್ದರು. 1994 ಮತ್ತು 1995ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ನಿಂತು ಮಾಡಿದ ಕೆಲಸ ಸುಮಾರು ನಾಲ್ಕನೆಯ ಒಂದು ಭಾಗ. ಅಷ್ಟಕ್ಕೆ ತೆರಿಗೆಯನ್ನೂ ಕೊಟ್ಟಿದ್ದರು. ಆದರೆ ರಾಜ್ಯವು ಪೂರ್ತಿ ಸಂಬಳದ ಮೇಲೆ ತೆರಿಗೆ ಕೇಳಿತು. 2005ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ನಾಲ್ಕಕ್ಕೆ ಮೂರು ಮತಗಳಿಂದ ರಾಜ್ಯದ ಪರವಾಗಿ ತೀರ್ಪಿತ್ತಿತು. ಒಬ್ಬ ನ್ಯಾಯಾಧೀಶರ ಮತ ಅತ್ತಿತ್ತ ಆಗಿದ್ದರೆ ಪರಿಸ್ಥಿತಿ ಬೇರೆಯಾಗುತ್ತಿತ್ತು ಎಂಬುದು ಇಲ್ಲಿ ಸ್ಮರಣೀಯ.

ಅದಕ್ಕೂ ಮೊದಲು, 2003ರಲ್ಲಿ, ಕನೆಕ್ಟಿಕಟ್‌ನಲ್ಲಿ ಮನೆ ಮಾಡಿ ನ್ಯೂಯಾರ್ಕ್‌ನ ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ ಎಡ್ವರ್ಡ್ ಝೆಲಿನ್‌ಸ್ಕಿ ಇದೇ ನ್ಯಾಯಾಲಯದಲ್ಲಿ ಸೋತಿದ್ದರು. ಅವರು ಮನೆಯಲ್ಲಿ ಬರೆಯುತ್ತ, ಓದುತ್ತ ಕಳೆದ ದಿನಗಳ ಸಂಬಳಕ್ಕೆ ನ್ಯೂಯಾರ್ಕ್ ತೆರಿಗೆ ಹಾಕಿತು. ಆ ಕೆಲಸ ನಮ್ಮ ನೆಲದಲ್ಲೇ ನಡೆದದ್ದೆಂಬ ಕಾರಣಕ್ಕೆ ಕನೆಕ್ಟಿಕಟ್ ಅದಕ್ಕೆ ವಜಾ ಕೊಡಲಿಲ್ಲ. ಒಂದೇ ದಿನದ ದುಡಿಮೆಗೆ ಎರಡು ರಾಜ್ಯಗಳ ತೆರಿಗೆ ಬಿತ್ತು. ಈ ಎರಡೂ ಪ್ರಕರಣಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೋನಾ ವ್ಯಾಧಿಯಿಂದ ಕಚೇರಿಗಳು ಮುಚ್ಚಿದಾಗ ಪ್ರಶ್ನೆ ಮತ್ತೆ ಎದ್ದಿತು. ಮನೆಯಲ್ಲಿರಿ ಎಂದು ಸರಕಾರವೇ ಹೇಳಿದ ಮೇಲೆ ಮನೆಯಲ್ಲಿ ಕುಳಿತದ್ದು ಉದ್ಯೋಗಿಯ ಅನುಕೂಲಕ್ಕೆ ಎನ್ನುವುದು ಹೇಗೆ? ಆದರೂ ನ್ಯೂಯಾರ್ಕ್ ತನ್ನ ನಿಲುವನ್ನು ಸಡಿಲಿಸಲಿಲ್ಲ. ಪ್ರಾಧ್ಯಾಪಕ ಝೆಲಿನ್‌ಸ್ಕಿಯವರು ಎರಡನೆಯ ಬಾರಿ ಹೋರಾಟಕ್ಕಿಳಿದರು. 2023ರಲ್ಲಿ ಆಡಳಿತ ನ್ಯಾಯಾಧೀಶರೂ 2025ರಲ್ಲಿ ತೆರಿಗೆ ಮೇಲ್ಮನವಿ ಮಂಡಳಿಯೂ ಅವರ ವಾದವನ್ನು ತಳ್ಳಿಹಾಕಿದವು.

ಅದೇ ವ್ಯಾಧಿಯ ಕಾಲದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ನೆರೆಯ ನ್ಯೂಹ್ಯಾಂಪ್‌ಶೈರ್‌ನ ಮನೆಗಳಲ್ಲಿ ಕುಳಿತವರ ಸಂಬಳದ ಮೇಲೆ ಮೊದಲಿನಂತೆಯೇ ತೆರಿಗೆ ವಸೂಲು ಮಾಡುವ ತಾತ್ಕಾಲಿಕ ನಿಯಮ ಹೊರಡಿಸಿತು. ಸಂಬಳಕ್ಕೆ ತೆರಿಗೆಯನ್ನೇ ಹಾಕದ ನ್ಯೂಹ್ಯಾಂಪ್‌ಶೈರ್ ಇದರ ವಿರುದ್ಧ 2020ರ ಅಕ್ಟೋಬರ್‌ನಲ್ಲಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯೂಜೆರ್ಸಿ, ಕನೆಕ್ಟಿಕಟ್ ಮುಂತಾದ ರಾಜ್ಯಗಳು ಅದರ ಬೆಂಬಲಕ್ಕೆ ನಿಂತವು. 2021ರ ಜೂನ್‌ನಲ್ಲಿ ನ್ಯಾಯಾಲಯವು ದಾವೆಯನ್ನು ಸ್ವೀಕರಿಸಲು ನಿರಾಕರಿಸಿತು. ಮ್ಯಾಸಚೂಸೆಟ್ಸ್‌ನ ಆ ನಿಯಮವೇನೋ 2021ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ಆದರೆ ಮೂಲ ಪ್ರಶ್ನೆ ಇಂದಿಗೂ ಉತ್ತರವಿಲ್ಲದೆ ನಿಂತಿದೆ.

ಎದುರು ಪಕ್ಷದ ಮಾತು

ನ್ಯೂಯಾರ್ಕ್‌ನ ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಉದ್ಯೋಗ ಹುಟ್ಟಿದ್ದು ಆ ನಗರದಲ್ಲಿ. ಅಲ್ಲಿಯ ರೈಲು, ರಸ್ತೆ, ಪೊಲೀಸು, ನ್ಯಾಯಾಲಯಗಳ ಆಸರೆಯಿಂದಲೇ ಕಂಪೆನಿ ಸಂಪಾದಿಸಿ ಸಂಬಳ ಕೊಡುತ್ತದೆ. ಹಿಂದೆ ಶನಿವಾರ ಭಾನುವಾರ ಮನೆಯಲ್ಲಿ ನಾಲ್ಕು ಕಾಗದ ನೋಡಿದವರೂ ಅದನ್ನು ಹೊರರಾಜ್ಯದ ಕೆಲಸದ ದಿನವೆಂದು ತೋರಿಸಿ ತೆರಿಗೆ ಇಳಿಸಿಕೊಳ್ಳುವ ಸಾಧ್ಯತೆಯಿತ್ತು. ಇಂತಹ ದುರುಪಯೋಗವನ್ನು ತಡೆಯಲೆಂದೇ ಈ ನಿಯಮ ಬಂತೆಂದು ನ್ಯಾಯಾಲಯಗಳು ಗುರುತಿಸಿವೆ.

ಆದರೆ ಬೇಲಿ ಹಾಕಿದ ಕಾಲಕ್ಕೂ ಈಗಿನ ಕಾಲಕ್ಕೂ ಅಂತರವಿದೆ. ಅಂದು ಮನೆಯ ಕೆಲಸ ಅಪವಾದ; ಇಂದು ಲಕ್ಷಾಂತರ ಜನರಿಗೆ ಅದೇ ದಿನಚರಿ. ವರ್ಷದ ಐದರಲ್ಲಿ ನಾಲ್ಕು ಪಾಲು ದಿನಗಳನ್ನು ಕಳೆಯುವ ಊರಿನ ಶಾಲೆ, ಅಗ್ನಿಶಾಮಕ ದಳ, ರಸ್ತೆಗಳನ್ನು ಆ ಕುಟುಂಬ ಬಳಸುತ್ತದೆ. ತೆರಿಗೆಯೋ ಹೊಳೆಯಾಚೆ ಹರಿಯುತ್ತದೆ. ತೆರಿಗೆಯು ಸೇವೆಯ ಜೊತೆಗೆ ಹೋಗಬೇಕೆಂಬ ಸರಳ ನ್ಯಾಯಕ್ಕೆ ಇದು ಹೊಂದುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಜೊತೆಗೆ, ಹೊರರಾಜ್ಯದವನಿಗೆ ನ್ಯೂಯಾರ್ಕ್‌ನ ಶಾಸಕರನ್ನು ಆರಿಸುವ ಮತವಿಲ್ಲ. ಮತವಿಲ್ಲದವನ ಮೇಲೆ ತೆರಿಗೆ ಏರಿಸಿದರೆ ಯಾವ ಶಾಸಕನೂ ಚುನಾವಣೆಯಲ್ಲಿ ಸೋಲುವುದಿಲ್ಲ.

ಹೊರೆ ಯಾರ ಮೇಲೆ?

ಲೆಕ್ಕಕ್ಕೆ ಸುಲಭವಾಗಲೆಂದು ನ್ಯೂಯಾರ್ಕ್‌ನ ತೆರಿಗೆ 5,000 ಡಾಲರ್ ಎಂದೂ, ಅದೇ ಸಂಬಳಕ್ಕೆ ನ್ಯೂಜೆರ್ಸಿಯ ತೆರಿಗೆ 3,000 ಡಾಲರ್ ಎಂದೂ ಭಾವಿಸೋಣ. ನ್ಯೂಜೆರ್ಸಿ ತನಗೆ ಬರಬೇಕಾದ 3,000 ಡಾಲರನ್ನು ವಜಾ ಮಾಡಿ ಬಿಟ್ಟುಕೊಡುತ್ತದೆ. ಉಳಿದ 2,000 ಡಾಲರ್ ಕುಟುಂಬದ ಕೈಯಿಂದ ಹೋಗುತ್ತದೆ. ಹೀಗೆ ನ್ಯೂಜೆರ್ಸಿಯ ಬೊಕ್ಕಸಕ್ಕೂ ಅಲ್ಲಿಯ ಮನೆಗೂ ನಷ್ಟ. ಅದೇ ಕುಟುಂಬ ಮನೆಯ ಬಾಡಿಗೆ ಕಡಿಮೆಯೆಂದು ಟೆಕ್ಸಾಸ್‌ಗೆ ಹೋಗಿ ನೆಲೆಸಿ, ನ್ಯೂಯಾರ್ಕ್ ಕಚೇರಿಯ ಕೆಲಸವನ್ನೇ ಅಲ್ಲಿಂದ ಮುಂದುವರಿಸಿತೆನ್ನೋಣ. ಟೆಕ್ಸಾಸ್‌ನಲ್ಲಿ ತೆರಿಗೆಯೇ ಇಲ್ಲದಿರುವಾಗ ವಜಾ ಎಲ್ಲಿಂದ ಬರಬೇಕು? 5,000 ಡಾಲರೂ ಹೋದಂತೆಯೇ.

ಹೆಚ್ಚಿನ ಸಂಬಳ ಪಡೆಯುವವರು ನುರಿತ ಸಲಹೆಗಾರರನ್ನು ಇಟ್ಟುಕೊಳ್ಳಬಲ್ಲರು. ಮಗುವನ್ನು ನೋಡಿಕೊಳ್ಳಲೆಂದು ಮನೆಯ ಕೆಲಸವನ್ನು ಆರಿಸಿಕೊಂಡ ತಾಯಿಗೆ, ಹಾಸಿಗೆ ಹಿಡಿದ ಹಿರಿಯರ ಸೇವೆಗೆ ಕಚೇರಿ ಬಿಟ್ಟು ಮನೆಯಲ್ಲಿ ಕುಳಿತ ಮಗನಿಗೆ ಆ ಶಕ್ತಿಯಿಲ್ಲ. ಕಾನೂನಿನ ಭಾಷೆಯಲ್ಲಿ ಇವೆಲ್ಲ ಉದ್ಯೋಗಿಯ ಅನುಕೂಲ. ನ್ಯೂಯಾರ್ಕ್ ಕಚೇರಿಗೆ ಸೇರಿದ ನ್ಯೂಜೆರ್ಸಿಯ ಮಗಳು ತಾಯಿಯ ಕಾಯಿಲೆಯೆಂದು ಉಡುಪಿಗೆ ಬಂದು, ಒಂದು ತಿಂಗಳು ಇಲ್ಲಿಂದಲೇ ಕಚೇರಿಯ ಕೆಲಸ ಮಾಡಿದಳೆನ್ನಿ. ಅಮ್ಮನ ಮಂಚದ ಬಳಿ ಕಳೆದ ಆ ದಿನಗಳೂ ಈ ನಿಯಮದ ಲೆಕ್ಕದಲ್ಲಿ ನ್ಯೂಯಾರ್ಕ್‌ನಲ್ಲಿ ದುಡಿದ ದಿನಗಳೇ. ಹೆತ್ತವರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯ ಪಾಲನೆಯನ್ನು ಕೇವಲ ಅನುಕೂಲವೆಂದು ಕರೆಯುವ ನಿಯಮವನ್ನು ಮರುಚಿಂತಿಸಬೇಕೆಂದು ಕೇಳುವುದು ಅತಿಯಾಗದು.

ಧರ್ಮಸಭೆಯ ಬೋಧನೆ

ಹಾಗಾದರೆ ಅನ್ಯಾಯವೆನಿಸಿದ ತೆರಿಗೆಯನ್ನು ಕೊಡದೆ ಇರಬಹುದೇ? ಕಚೇರಿಗೆ ಹೋದ ದಿನಗಳನ್ನು ಕಡಿಮೆ ತೋರಿಸಬಹುದೇ? ಸ್ನೇಹಿತನ ವಿಳಾಸ ಕೊಟ್ಟು ತೆರಿಗೆಯಿಲ್ಲದ ರಾಜ್ಯದಲ್ಲಿ ವಾಸವೆಂದು ಬರೆಯಬಹುದೇ? ಇಂತಹ ಸಲಹೆ ಕೊಡುವವರು ನಮ್ಮವರ ನಡುವೆಯೂ ಇದ್ದಾರು.

ಧರ್ಮಸಭೆಯ ಬೋಧನೆ ಇಲ್ಲಿ ಸಂಶಯಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ತನ್ನ 2240ನೆಯ ಪರಿಚ್ಛೇದದಲ್ಲಿ ತೆರಿಗೆ ಸಲ್ಲಿಸುವುದನ್ನು ಸಮಾಜದ ಸಾಮಾನ್ಯ ಹಿತಕ್ಕಾಗಿ ಮಾಡಬೇಕಾದ ನೈತಿಕ ಕರ್ತವ್ಯವೆನ್ನುತ್ತದೆ. 2409ನೆಯ ಪರಿಚ್ಛೇದದಲ್ಲಿ ತೆರಿಗೆ ವಂಚನೆಯನ್ನು ಕದಿಯಬಾರದೆಂಬ ಏಳನೆಯ ಕಟ್ಟಳೆಗೆ ವಿರುದ್ಧವಾದ ಕೃತ್ಯಗಳ ಸಾಲಿನಲ್ಲಿ ಸೇರಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಗೌದಿಯುಂ ಎತ್ ಸ್ಪೇಸ್ ಎಂಬ ಶಾಸನವೂ ನ್ಯಾಯವಾದ ತೆರಿಗೆಗಳಿಂದ ಮೋಸದಿಂದ ತಪ್ಪಿಸಿಕೊಳ್ಳುವವರನ್ನು ಖಂಡಿಸಿದೆ.

ಆದರೆ ಅದೇ ಧರ್ಮಸಭೆ ಸರಕಾರಗಳಿಗೂ ಮಿತಿಯನ್ನು ಹೇಳಿದೆ. ಪೋಪ್ ಹದಿಮೂರನೆಯ ಲಿಯೋ ಅವರು 1891ರ ರೇರುಂ ನೊವಾರುಂ ಪರಿಪತ್ರದಲ್ಲಿ ಅತಿಯಾದ ತೆರಿಗೆಯು ದುಡಿಯುವವನ ಆಸ್ತಿಯನ್ನು ಹೀರಬಾರದೆಂದು ಎಚ್ಚರಿಸಿದ್ದರು. ಪೋಪ್ ಇಪ್ಪತ್ತಮೂರನೆಯ ಜಾನ್ ಅವರು 1961ರ ಮಾತೆರ್ ಎತ್ ಮಜಿಸ್ತ್ರ ಪರಿಪತ್ರದಲ್ಲಿ ತೆರಿಗೆಯ ಹೊರೆ ಕೊಡುವವನ ಶಕ್ತಿಗೆ ತಕ್ಕಂತಿರಬೇಕೆಂಬುದನ್ನು ನ್ಯಾಯದ ಮೂಲತತ್ವವಾಗಿ ಎತ್ತಿಹಿಡಿದರು. ಕೊಡುವವನಿಗೆ ಪ್ರಾಮಾಣಿಕತೆ ಎಷ್ಟು ಕರ್ತವ್ಯವೋ ಕೇಳುವವನಿಗೆ ನ್ಯಾಯವೂ ಅಷ್ಟೇ ಕರ್ತವ್ಯ.

ತೆರಿಗೆಯ ಮಾತು ಬಂದಾಗ ನಾವೆಲ್ಲ ಕೈಸರನ ನಾಣ್ಯದ ಪ್ರಸಂಗವನ್ನೇ ನೆನೆಯುತ್ತೇವೆ. ಆದರೆ ಸಂತ ಮತ್ತಾಯನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ನಮ್ಮ ಇಂದಿನ ಪ್ರಶ್ನೆಗೆ ಇನ್ನೂ ಹತ್ತಿರವಾದ ಪ್ರಸಂಗವಿದೆ. ಸುಂಕದವನಾಗಿದ್ದು ಶಿಷ್ಯನಾದ ಮತ್ತಾಯನ ಹೆಸರಿನ ಶುಭಸಂದೇಶವೊಂದರಲ್ಲೇ ಅದು ದೊರೆಯುವುದು ವಿಶೇಷ. ಕಪೆರ್ನವುಮಿನಲ್ಲಿ ದೇವಾಲಯದ ತೆರಿಗೆ ವಸೂಲು ಮಾಡುವವರು ಪೇತ್ರನನ್ನು ತಡೆದು, ನಿಮ್ಮ ಗುರು ತೆರಿಗೆ ಕೊಡುವುದಿಲ್ಲವೇ ಎಂದು ವಿಚಾರಿಸುತ್ತಾರೆ. ಪೇತ್ರ ಮನೆಗೆ ಬಂದಾಗ ಯೇಸುಸ್ವಾಮಿಯೇ ಮೊದಲು ಕೇಳುತ್ತಾರೆ: ಲೋಕದ ಅರಸರು ಸುಂಕ ಪಡೆಯುವುದು ಯಾರಿಂದ, ಸ್ವಂತ ಮಕ್ಕಳಿಂದಲೋ ಹೊರಗಿನವರಿಂದಲೋ? ಹೊರಗಿನವರಿಂದ ಎಂದು ಪೇತ್ರನ ಉತ್ತರ. ಹಾಗಾದರೆ ಮಕ್ಕಳು ಕೊಡಬೇಕಾಗಿಲ್ಲವೆಂದು ಪ್ರಭುವು ತಮ್ಮ ಸ್ವಾತಂತ್ರ್ಯವನ್ನು ಸ್ಪಷ್ಟಪಡಿಸುತ್ತಾರೆ. ಆದರೂ ಅವರಿಗೆ ಎಡವಲು ಕಾರಣವಾಗಬಾರದೆಂದು, ಸಮುದ್ರಕ್ಕೆ ಗಾಳ ಹಾಕಿ ಮೊದಲು ಸಿಕ್ಕಿದ ಮೀನಿನ ಬಾಯಲ್ಲಿದ್ದ ನಾಣ್ಯದಿಂದ ತನ್ನ ಮತ್ತು ಪೇತ್ರನ ಪಾಲನ್ನು ಕೊಡಿಸುತ್ತಾರೆ.

ಈ ಪ್ರಸಂಗದ ಆಳವಾದ ಅರ್ಥ ಯೇಸುವಿನ ದೇವಪುತ್ರತ್ವಕ್ಕೆ ಸಂಬಂಧಿಸಿದ್ದು. ಆದರೂ ಒಂದು ನಡತೆಯ ಪಾಠವೂ ಅದರಲ್ಲಿದೆ. ಕೇಳಿದ ತೆರಿಗೆಯನ್ನು ಪ್ರಭುವು ಕೊಟ್ಟರು. ಆದರೆ ಪ್ರಶ್ನೆಯನ್ನು ನುಂಗಿಕೊಳ್ಳಲಿಲ್ಲ. ಅರಸರು ಹೊರಗಿನವರ ಜೇಬಿಗೇ ಕೈ ಹಾಕುತ್ತಾರೆಂಬ ಸತ್ಯವನ್ನು ಮುಚ್ಚಿಡಲೂ ಇಲ್ಲ.

ದಾರಿ ಯಾವುದು?

ಕಾನೂನಿನೊಳಗೇ ದಾರಿಗಳಿವೆ. ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದ ನಿವೃತ್ತರ ಪಿಂಚಣಿಯ ಮೇಲೆ ಹಿಂದಿನ ರಾಜ್ಯ ತೆರಿಗೆ ಹಾಕುವುದನ್ನು ಅಮೆರಿಕದ ಸಂಸತ್ತು 1996ರ ಆರಂಭದಲ್ಲಿ ಜಾರಿಗೆ ಬಂದ ಶಾಸನದಿಂದ ನಿಲ್ಲಿಸಿತು. ನಿವೃತ್ತರಿಗೆ ಮಾಡಿದ್ದನ್ನು ದುಡಿಯುವವರಿಗೆ ಮಾಡಲು ಸಾಧ್ಯವಿಲ್ಲವೆಂದೇನೂ ಇಲ್ಲ. ಹೊರರಾಜ್ಯದಲ್ಲಿ 30 ದಿನಕ್ಕಿಂತ ಹೆಚ್ಚು ದುಡಿಯದವರಿಗೆ ಆ ರಾಜ್ಯದ ತೆರಿಗೆ ಬೇಡವೆನ್ನುವ ಮಸೂದೆಯೊಂದು 2012, 2016 ಮತ್ತು 2017ರಲ್ಲಿ ಕೆಳಮನೆಯ ಒಪ್ಪಿಗೆ ಪಡೆಯಿತಾದರೂ ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ. ನ್ಯೂಜೆರ್ಸಿ 2023ರ ತನ್ನ ಕಾಯಿದೆಯಲ್ಲಿ, ನ್ಯೂಯಾರ್ಕ್‌ನ ತೆರಿಗೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಮರುಪಾವತಿ ಪಡೆಯುವ ತನ್ನ ನಿವಾಸಿಗೆ, ಆಗ ತನಗೆ ಸಲ್ಲಬೇಕಾಗುವ ತೆರಿಗೆಯಲ್ಲಿ ಅರ್ಧದಷ್ಟು ರಿಯಾಯಿತಿ ಘೋಷಿಸಿತು. ಪೌರತ್ವ ಪಡೆದು ಮತದ ಹಕ್ಕುಳ್ಳ ನಮ್ಮವರು ತಮ್ಮ ಪ್ರತಿನಿಧಿಗಳಿಗೆ ಪತ್ರ ಬರೆದು ಈ ವಿಷಯವನ್ನು ಎತ್ತಬೇಕು. ವೀಸಾದ ಮೇಲೆ ದುಡಿಯುತ್ತಿರುವ ಕಿರಿಯರಿಗೆ ಎಲ್ಲಿಯೂ ಮತವಿಲ್ಲದಿರುವುದರಿಂದ ಅವರ ಪರವಾಗಿ ದನಿಯೆತ್ತುವ ಹೊಣೆ ಇವರ ಮೇಲೆ ಹೆಚ್ಚು.

ಅಲ್ಲಿಯವರೆಗೆ ಕುಟುಂಬಗಳು ಮಾಡಬೇಕಾದ ಕೆಲವು ಕೆಲಸಗಳಿವೆ. ಕೆಲಸದ ಸ್ಥಳ ಯಾವುದೆಂಬುದನ್ನು ಕಂಪೆನಿಯಿಂದ ಲಿಖಿತವಾಗಿ ಪಡೆಯಬೇಕು. ಮನೆ ಬದಲಿಸಿದ ಕೂಡಲೇ ಹೊಸ ವಿಳಾಸವನ್ನು ತಿಳಿಸಬೇಕು. ಯಾವ ದಿನ ಎಲ್ಲಿ ಕೆಲಸ ಮಾಡಿದೆವೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿಡಬೇಕು. ವಿವಾದ ಬಂದಾಗ ನೆನಪಿನ ಮಾತಿಗೆ ಬೆಲೆಯಿಲ್ಲ. ಕಂಪೆನಿ ಕೊಡುವ ಡಬ್ಲ್ಯೂ-2 ಪತ್ರದ 15, 16 ಮತ್ತು 17ನೆಯ ಚೌಕಗಳಲ್ಲಿ ಯಾವ ರಾಜ್ಯದ ಹೆಸರಿದೆ, ಎಷ್ಟು ತೆರಿಗೆ ಮುರಿದಿದ್ದಾರೆ ಎಂಬುದನ್ನು ನೋಡಬೇಕು. ಎರಡು ರಾಜ್ಯಗಳಿಗೆ ರಿಟರ್ನ್ ಸಲ್ಲಿಸಬೇಕಾದವರು ಸಾಮಾನ್ಯವಾಗಿ ಅನಿವಾಸಿ ರಾಜ್ಯದ ಲೆಕ್ಕವನ್ನು ಮೊದಲು ಮುಗಿಸಬೇಕು. ನ್ಯೂಯಾರ್ಕ್‌ಗಾದರೆ ಅದರ ನಮೂನೆ ಐಟಿ-203. ಅಲ್ಲಿ ಬಂದ ತೆರಿಗೆಯ ಮೊತ್ತವನ್ನು ಹಿಡಿದೇ ವಾಸದ ರಾಜ್ಯದಲ್ಲಿ ವಜಾ ಕೇಳಬೇಕು. ವಜಾ ಸಿಗುವುದು ಆ ರಾಜ್ಯಕ್ಕೆ ನ್ಯಾಯವಾಗಿ ಸಲ್ಲಬೇಕಾದ ತೆರಿಗೆಗೇ ಹೊರತು ಸಂಬಳದಲ್ಲಿ ತಪ್ಪಾಗಿ ಮುರಿದುಕೊಂಡ ಮೊತ್ತಕ್ಕಲ್ಲ. ರಿಟರ್ನ್ ಸಲ್ಲಿಸಲು ಹೆಚ್ಚಿನ ಸಮಯ ಕೇಳಿದರೂ ಹಣ ಕಟ್ಟುವ ಗಡುವು ಮುಂದೆ ಹೋಗುವುದಿಲ್ಲವೆಂಬುದನ್ನೂ ಮರೆಯಬಾರದು. ಒಕ್ಕೂಟದ ತೆರಿಗೆ ಇಲಾಖೆಯ ಆಶ್ರಯದಲ್ಲಿ ಕಡಿಮೆ ವರಮಾನದವರಿಗೆ ಸ್ವಯಂಸೇವಕರು ಉಚಿತವಾಗಿ ನೆರವಾಗುವ ವೀಟಾ ಎಂಬ ಯೋಜನೆಯೂ ಇದೆ. ಎರಡು ರಾಜ್ಯಗಳ ತೊಡಕಿನ ಲೆಕ್ಕಕ್ಕೆ ಮಾತ್ರ ಅರ್ಹ ಸಲಹೆಗಾರರನ್ನು ಕೇಳುವುದೇ ಲೇಸು.

ನಮ್ಮಲ್ಲಿ ತೆರಿಗೆಯ ತಿಳಿವಳಿಕೆಯುಳ್ಳವರು ಹಲವರಿದ್ದಾರೆ. ಅಮೆರಿಕದ ನಮ್ಮ ಬಂಧುಗಳು ಕ್ರಿಸ್ಮಸ್ ಕೂಟಕ್ಕೆ, ಮೊಂತಿ ಹಬ್ಬದ ಊಟಕ್ಕೆ ಒಟ್ಟಾಗುವಂತೆ, ಫೆಬ್ರವರಿಯ ಒಂದು ಭಾನುವಾರ ಪೂಜೆಯ ಬಳಿಕ ಒಟ್ಟಾಗಿ, ತಿಳಿದವರು ತಿಳಿಯದವರಿಗೆ ನಿಯಮವನ್ನು ವಿವರಿಸಿದರೆ ಅದೂ ಪರಸೇವೆಯೇ. ಹೊಸದಾಗಿ ಹೋದ ಹುಡುಗನೊಬ್ಬ ಅಜ್ಞಾನದಿಂದ ದಂಡ ಕಟ್ಟುವುದು ತಪ್ಪಿದರೆ ಊರಿನಲ್ಲಿ ಅವನ ಹಣವನ್ನು ಕಾಯುತ್ತಿರುವ ಮನೆಯೊಂದು ನೆಮ್ಮದಿಯಿಂದಿರುತ್ತದೆ.

ನ್ಯೂಯಾರ್ಕ್‌ನ ನಿಯಮ ನಾಳೆಯೇ ಬದಲಾಗುವ ಸೂಚನೆಯಿಲ್ಲ. ಅದು ಬದಲಾಗಬೇಕೆಂಬುದು ನಮ್ಮ ಬಯಕೆ. ಅದನ್ನು ಬಹಿರಂಗವಾಗಿ, ಸಹಿ ಹಾಕಿ ಕೇಳುವುದು ಪ್ರಜೆಯ ಹಕ್ಕು. ಅದು ಇರುವಷ್ಟು ಕಾಲ ದಿನಗಳ ಲೆಕ್ಕವನ್ನು ಸುಳ್ಳಿಲ್ಲದೆ ಬರೆದು, ಸಲ್ಲಬೇಕಾದುದನ್ನು ಸಲ್ಲಿಸುವುದು ಕ್ರೈಸ್ತನ ಕರ್ತವ್ಯ. ಹಕ್ಕಿಗಾಗಿ ಹೋರಾಡುವವನ ಕೈ ಶುದ್ಧವಾಗಿದ್ದರೆ ಮಾತ್ರ ಅವನ ಮಾತಿಗೆ ತೂಕ. ನಮ್ಮ ಮಕ್ಕಳು ಯಾವ ರಾಜ್ಯದಲ್ಲಿ ಮನೆ ಮಾಡಿದರೂ ಈ ಎರಡನ್ನೂ ಬಿಡದಿರಲೆಂದು ಹಾರೈಸುತ್ತೇವೆ.